ಮೂರು ಗಂಟೆಯೊಳಗೆ

ಮೊಮ್ಮಗಳಿಗೆ ಆಗ ಹದಿನಾಲ್ಕು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಶನಿವಾರ, ಬೆಳಗಿನ ಸ್ಕೂಲು ಮುಗಿಸಿ ಬಂದು ಊಟಕ್ಕೆ ಕೂತಿದ್ದಳು. ಮಜ್ಜಿಗೆ ಬಡಿಸ್ತಾ ಇದ್ದೆ, ಹಾಗೇ ಬಲಕ್ಕೆ ವಾಲಿದಳು. ಬಾಯಿ ಸೊಟ್ಟ. "ಏನೇ ಮಗಾ?" ಅಂದರೆ ಮಾತಿಲ್ಲ, ಬರೀ ಶಬ್ದ.

ನಾನು ಓದಿದ್ದು ಮೂರನೇ ಕ್ಲಾಸು. ಮೂರ್ಛೆ ಅಂದುಕೊಂಡು, ನಮ್ಮಲ್ಲಿ ಎಲ್ಲರೂ ಮಾಡೋ ಹಾಗೆ, ಬೀಗದ ಕೈ ಗೊಂಚಲು ತಂದು ಬಲಗೈಗೆ ಕೊಟ್ಟೆ. ಕಬ್ಬಿಣ ಹಿಡಿದರೆ ಬಿಡುತ್ತೆ ಅಂತಾರೆ. ಜಾರಿ ಬಿತ್ತು. ಬೆರಳು ಮಡಚಿ ಮತ್ತೆ ಹಿಡಿಸಿದೆ, ಮತ್ತೆ ಬಿತ್ತು. ಮೂರ್ಛೇಲಿ ಕೈ ಸೆಟೆಯುತ್ತೆ. ಇದು ಒದ್ದೆ ಬಟ್ಟೆ ಥರ ಇತ್ತು. ಎಡಗೈಗೆ ಕೊಟ್ಟೆ, ಗಟ್ಟಿ ಹಿಡಿದಳು. ಇದು ಲಕ್ವ ಅಂತ ಕೂಗಿಕೊಂಡೆ. ನಮ್ಮ ಯಜಮಾನರು ಹೋಗಿದ್ದೂ ಲಕ್ವದಲ್ಲೇ.

ವಾರದ ರಜೆ ಅಂತ ಮಗ, ಅವಳಪ್ಪ, ಮನೇಲಿದ್ದ. "ಅಮ್ಮ, ಲಕ್ವಕ್ಕೆ ಕುಂಸಿ ಕಡೆ ನಾಟಿ ಔಷಧಿ ಕೊಡ್ತಾರಂತೆ, ಅಲ್ಲಿಗೇ ಹೋಗೋಣ."

"ನಿಮ್ಮಪ್ಪಂಗೂ ನಾಟಿ ಔಷಧೀನೇ ಮಾಡಿಸಿದ್ವಲ್ಲೋ, ಎದ್ದು ಕೂತ್ರಾ? ಶಿವಮೊಗ್ಗಕ್ಕೆ ನಡಿ."

ಪಕ್ಕದ ಮನೆಯವರ ವ್ಯಾನಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳ ಕಣ್ಣು ನನ್ನನ್ನೇ ನೋಡ್ತಿತ್ತು. ಆಸ್ಪತ್ರೇಲಿ ತಲೆ ಸ್ಕ್ಯಾನ್ ಆಯ್ತು. ಡಾಕ್ಟರು ಬೆಂಗಳೂರಿನ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ಬಂದರು.

"ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಕರಗಿಸೋ ಇಂಜೆಕ್ಷನ್ ಇದೆ, ಶುರುವಾದ ಮೂರು ಗಂಟೆಯೊಳಗೆ ಕೊಡಬೇಕು. ಇಷ್ಟು ಚಿಕ್ಕವರಿಗೆ ನಾನು ಕೊಟ್ಟಿಲ್ಲ. ತಲೆಯೊಳಗೆ ರಕ್ತ ಸೋರಿದರೆ ಜೀವಕ್ಕೇ ಅಪಾಯ. ಎಷ್ಟೊತ್ತಿಗೆ ಶುರುವಾಯ್ತು?"

"ಒಂದೂವರೆನೋ, ಎರಡೋ..." ಅಂದ ಮಗ.

"ಅಂದಾಜು ನಡೆಯಲ್ಲ."

"ಅವಳು ವಾಲಿದಾಗ ಕಾರ್ಖಾನೇಲಿ ಎರಡು ಗಂಟೆ ಶಿಫ್ಟಿನ ಸೈರನ್ ಕೂಗ್ತಿತ್ತು," ಅಂದೆ.

"ಗ್ಯಾರಂಟಿನಾ ಅಜ್ಜಿ?"

"ಮೂವತ್ತು ವರ್ಷ ಅದನ್ನ ಕೇಳ್ಕೊಂಡೇ ಬುತ್ತಿ ಕಟ್ಟಿದೀನಿ ಸ್ವಾಮಿ."

ಅವರ ವಾಚಿನಲ್ಲಿ ನಾಲ್ಕೂಕಾಲು. ಒಪ್ಪಿಗೆ ಕಾಗದ ಮುಂದಿಟ್ಟರು. ಮಗ ಪೆನ್ನು ಹಿಡಿದು ನನ್ನ ಕಡೆ ತಿರುಗಿದ. "ನೀನೇ ಹೇಳಮ್ಮ."

"ಸೈನ್ ಮಾಡು."

ಅಂದುಬಿಟ್ಟೆ. ಇಂಜೆಕ್ಷನ್ ಕೊಟ್ಟರು. ಆಮೇಲೆ ಒಂದೊಂದು ಕ್ಷಣವೂ ಸತ್ತೆ. ರಕ್ತ ಸೋರಿದರೆ ಕೊಂದವಳು ನಾನೇ. ದೇವರ ಹೆಸರು ಕೂಡ ನೆನಪಾಗಲಿಲ್ಲ. ಮಂಚದ ಪಕ್ಕ ನಿಂತು ಹೊದಿಕೆ ಹೊದಿಸೋದು, ಸರಿಮಾಡೋದು, ಮತ್ತೆ ಹೊದಿಸೋದು, ಅಷ್ಟೇ.

ದೀಪ ಹಚ್ಚೋ ಹೊತ್ತು. ಆ ಹೊದಿಕೆ ಒಂದು ಸಲ ಅಲ್ಲಾಡಿತು. ಅವಳ ಬಲಗಾಲು. ನಿಧಾನಕ್ಕೆ ಅದನ್ನ ಕೆಳಕ್ಕೆ ತಳ್ಳಿತು.

"ಅಜ್ಜೀ... ಸೆಕೆ," ಅಂದಳು. ನಾಲಿಗೆ ತೊದಲ್ತಿತ್ತು, ಸಿಡುಕು ಮಾತ್ರ ಅವಳದ್ದೇ.

ವಾರ್ಡಿನಲ್ಲಿ ಕಂಡಕಂಡವರಿಗೆಲ್ಲ ಹೇಳ್ಕೊಂಡು ಓಡಾಡಿದೆ, ನನ್ನ ಮೊಮ್ಮಗಳಿಗೆ ಸೆಕೆಯಂತೆ, ಸೆಕೆಯಂತೆ ಅಂತ. "ಅಜ್ಜಿ, ಇದು ಆಸ್ಪತ್ರೆ, ಮೆಲ್ಲಗೆ ಮಾತಾಡಿ," ಅಂತ ನರ್ಸಮ್ಮ ಗದರಿದಳು.

"ಗದರು ನನ್ನವ್ವ, ಎಷ್ಟು ಬೇಕಾದ್ರೂ ಗದರು," ಅಂತ ಅವಳ ಗಲ್ಲ ಹಿಡಿದು ಮುತ್ತು ಕೊಟ್ಟೆ.