ಮಂಗಳವಾರ, ಶುಕ್ರವಾರ ಅಕ್ಕ ಬಸ್ ಓಡಿಸುವುದಿಲ್ಲ

ನಮ್ಮಕ್ಕ ಹತ್ತೊಂಬತ್ತು ವರ್ಷದಿಂದ ಬಸ್ ಡ್ರೈವರ್. ಡಿಪೋದಲ್ಲಿ ಅವಳನ್ನು ‘ಗಡಿಯಾರ’ ಎಂದೇ ಕರೆಯುತ್ತಾರೆ. ಅವಳ ಬಸ್ಸು ಹೊರಟಿತೆಂದರೆ ಆರೂ ಹತ್ತು ಆಯಿತೆಂದೇ ಅರ್ಥ. ಇಂಥವಳು ಎರಡು ವರ್ಷ ದಿನಾ ಬೆಳಿಗ್ಗೆ ಒಂದು ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಮಂಚದ ಅಂಚಿನಲ್ಲಿ ಕೂತೇ ಇರುತ್ತಿದ್ದಳು. ನಾನು ಬಗ್ಗಿ ಅದನ್ನು ತೊಡಿಸಿ ಕಳಿಸುತ್ತಿದ್ದೆ. ಸಮಯಕ್ಕೆ ಹೋಗುತ್ತಿದ್ದಳಲ್ಲ, ಯಾರಿಗೂ ಗೊತ್ತಾಗಲಿಲ್ಲ.

ಖಿನ್ನತೆ ಎಂದರು ಡಾಕ್ಟರು. ಒಂದು ಮಾತ್ರೆ ಆಯಿತು, ಇನ್ನೊಂದೂ ಆಯಿತು. ತೂಕ ಏರಿತೇ ಹೊರತು ಮನಸ್ಸು ಮೇಲೇಳಲಿಲ್ಲ. “ನಗ್ತಾ ನಗ್ತಾ ಇರು, ಎಲ್ಲ ಸರಿಹೋಗುತ್ತೆ” ಎಂದು ಬುದ್ಧಿ ಹೇಳಲು ಬಂದ ಚಿಕ್ಕಮ್ಮನಿಗೆ ನಾನು ಬಾಗಿಲು ತೋರಿಸಿದೆ.

ಕೊನೆಗೆ ಡಾಕ್ಟರು ಊರಿನ ಆ ತುದಿಯ ಕ್ಲಿನಿಕ್ಕಿಗೆ ಬರೆದುಕೊಟ್ಟರು. ಅಲ್ಲಿ ಮಾತ್ರೆಯ ಜೊತೆಗೆ ಮೂಗಿಗೆ ಸ್ಪ್ರೇ. ಮನೆಗೆ ಕೊಡುವುದಿಲ್ಲ, ನರ್ಸಿನ ಎದುರೇ ತೆಗೆದುಕೊಂಡು ಎರಡು ಗಂಟೆ ಕುರ್ಚಿಯಲ್ಲಿ ಒರಗಬೇಕು, ನಡುನಡುವೆ ಬಿ.ಪಿ. ನೋಡುತ್ತಾರೆ. ಮೊದಲ ತಿಂಗಳು ವಾರಕ್ಕೆರಡು ಸಲ.

“ಎಲ್ಲರಿಗೂ ನಾಟುತ್ತೆ ಅಂತ ಹೇಳಲ್ಲ,” ಎಂದರು ನರ್ಸು. “ಸ್ಪ್ರೇ ತಗೊಂಡ ದಿನ ಮಾತ್ರ ಗಾಡಿ ಮುಟ್ಟೋ ಹಾಗಿಲ್ಲ. ಚೆನ್ನಾಗಿ ನಿದ್ದೆ ಮಾಡಿ, ಮಾರನೇ ದಿನವೇ.”

“ಸರಿಹೋಯ್ತು. ನಾನು ಬಸ್ ಡ್ರೈವರ್ ಕಣಮ್ಮಾ,” ಎಂದಳು ಅಕ್ಕ.

ಡಿಪೋದ ಹಲಗೆಯ ಮೇಲೆ ರಜೆ ಹಾಕಿದವರ ಹೆಸರಿನ ಪಕ್ಕ ಕಾರಣ ಬರೆಯುವುದು ರೂಢಿ. ಡ್ಯೂಟಿ ಹಂಚುವ ಗುಮಾಸ್ತ, ಪಾಪ, ಅಕ್ಕನ ಮರ್ಯಾದೆ ಉಳಿಸಲೆಂದು ‘ಹಲ್ಲುನೋವು’ ಎಂದು ಬರೆದ. ಮಂಗಳವಾರ ಹಲ್ಲುನೋವು, ಶುಕ್ರವಾರವೂ ಹಲ್ಲುನೋವು. “ಗಡಿಯಾರಕ್ಕೆ ಒಟ್ಟು ಎಷ್ಟು ಹಲ್ಲಪ್ಪಾ!” ಎಂದು ಡ್ರೈವರುಗಳು ನಕ್ಕರು. ಅಕ್ಕ ಸುಮ್ಮನಿದ್ದಳು. ಅದೇ ತಪ್ಪಾಯಿತು.

ಮೂರನೆಯ ವಾರದ ಶುಕ್ರವಾರ, ನನ್ನ ಭುಜ ಹಿಡಿದುಕೊಂಡು ಅವಳು ಕ್ಲಿನಿಕ್ಕಿನ ಮೆಟ್ಟಿಲು ಇಳಿಯುವಾಗ ಮ್ಯಾನೇಜರ್ ಫೋನು. “ಸಂಜೆ ಟ್ರಿಪ್ಪಿಗೆ ಡ್ರೈವರ್ ಇಲ್ಲ. ಹಲ್ಲು ಕಿತ್ರೇನಂತೆ, ಕೈಕಾಲು ಇದೆಯಲ್ಲ, ಬನ್ನಿ.”

“ಆಗಲ್ಲ ಸಾರ್.”

“ಈ ಕಳ್ಳ ನೆಪ ಎಲ್ಲ ಸಾಕು!” ಎಂದು ಫೋನಿಟ್ಟ.

ಕಳ್ಳ ಎಂಬ ಮಾತು ಅವಳಿಗೆ ಚುಚ್ಚಿತು. ಮಾರನೆಯ ದಿನ ಡಿಪೋಗೆ ಹೋದವಳೇ ಹಲಗೆಯ ಮೇಲಿನ ‘ಹಲ್ಲುನೋವು’ ಅಳಿಸಿ ‘ಖಿನ್ನತೆಗೆ ಚಿಕಿತ್ಸೆ’ ಎಂದು ದಪ್ಪಗೆ ಬರೆದಳು. ಡಾಕ್ಟರ ಪತ್ರ ಹಿಡಿದು ನಾನೂ ಜೊತೆಗಿದ್ದೆ. ಮ್ಯಾನೇಜರ್ ಮುಖ ಇಂಗು ತಿಂದ ಮಂಗನಂತಾಯಿತು.

“ತಲೆ ಸರಿಯಿಲ್ಲದವರ ಕೈಗೆ ಅರವತ್ತು ಜನರ ಜೀವ ಹೇಗಮ್ಮಾ ಕೊಡೋದು? ಟಿಕೆಟ್ ಕೌಂಟರಿಗೆ ಹೋಗಿ.”

“ಎರಡು ವರ್ಷ ಬದುಕೋ ಆಸೆನೇ ಇಲ್ದೆ ಓಡಿಸಿದೀನಿ ಸಾರ್. ಆಗ ಕರೆದು ಕರೆದು ಬಸ್ ಕೊಟ್ರಿ. ಹೆದರೋದಿದ್ರೆ ಆಗ ಹೆದರಬೇಕಿತ್ತು. ಔಷಧಿ ತಗೊಂಡು ಸರಿಹೋಗ್ತಿರುವಾಗ ಹೆದರ್ತೀರಾ?”

ಆ ಮಾತು ನನಗೂ ತಾಗಿತು. ಶೂ ತೊಡಿಸಿ ಕಳಿಸಿದವಳು ನಾನೇ ಅಲ್ಲವೇ. ನಾಚಿಕೆಯಿಂದ ನೆಲ ನೋಡಿದೆ.

ವಿಷಯ ಮೇಲಿನ ಕಚೇರಿಗೆ ಹೋಯಿತು. ವೈದ್ಯರ ತಪಾಸಣೆ, ಪತ್ರದ ಮೇಲೆ ಪತ್ರ. ಹದಿನೇಳು ದಿನ ಅಕ್ಕ ಕೌಂಟರಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಳು. ಚಿಕಿತ್ಸೆಯನ್ನು ಒಂದು ದಿನವೂ ಬಿಡಲಿಲ್ಲ. ಆ ಹೊತ್ತಿಗೆ ತಾನೇ ಎದ್ದು ಸ್ನಾನ ಮಾಡುತ್ತಿದ್ದಳು, ನನ್ನ ಅಡುಗೆಗೆ ಉಪ್ಪು ಸಾಲದೆಂದು ಜಗಳ ತೆಗೆಯುತ್ತಿದ್ದಳು. ಒಂದೊಂದು ದಿನ ಇನ್ನೂ ಕಷ್ಟವಾಗುತ್ತಿತ್ತು, ಸುಳ್ಳೇಕೆ. ಕೊನೆಗೆ ಚಿಕಿತ್ಸೆಯ ದಿನ ಬಿಟ್ಟು ಉಳಿದ ದಿನ ಓಡಿಸಬಹುದೆಂದು ಆದೇಶ ಬಂತು.

ಬುಧವಾರ ಮೊದಲ ಟ್ರಿಪ್ಪು. ನಾನು ಮುಂದಿನ ಸೀಟಿನಲ್ಲಿದ್ದೆ. ದಿನಾ ಬರುವ ಕನ್ನಡಕದ ಅಂಗಡಿಯ ಯಜಮಾನರು ಮೆಟ್ಟಿಲ ಮೇಲೆ ಕಾಲಿಟ್ಟು, “ಏನಮ್ಮಾ, ಇಷ್ಟು ದಿನ ಕಾಣ್ಲೇ ಇಲ್ಲ?” ಎಂದರು.

“ಖಿನ್ನತೆ ಸಾರ್. ಚಿಕಿತ್ಸೆ ನಡೀತಿದೆ,” ಎಂದಳು, ಕೊನೆಯ ಸೀಟಿಗೂ ಕೇಳುವಂತೆ.

ಅವರ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ. ಅಕ್ಕ ಗೇರಿನ ಮೇಲೆ ಕೈಯಿಟ್ಟಳು.

“ಹತ್ತೋದಾದ್ರೆ ಹತ್ತಿ, ಇಳಿಯೋದಾದ್ರೆ ಇಳೀರಿ ಸಾರ್. ನಾನಂತೂ ಹೊರಟೆ.”

ಅವರು ಹತ್ತಿದರು.