ಸೀಮೆಸುಣ್ಣದ ದೋಣಿ

ಮೇಲಿನ ಮನೆಯ ಮಾಮನಿಗೆ ಎಡಗೈಯ ಹೆಬ್ಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ಯಾವುದೋ ಗರಗಸ ತಿಂದಿತ್ತು. ಆ ಮೊಂಡು ಬೆರಳಿನ ತುದಿ ನಾನು ಕಂಡಾಗಲೆಲ್ಲ ಸೀಮೆಸುಣ್ಣ ಮೆತ್ತಿಕೊಂಡು ಬೆಳ್ಳಗಿರುತ್ತಿತ್ತು.

ಬಹರೈನಿನ ಗುದೈಬಿಯಾದಲ್ಲಿ ಒಂದು ಹಳೆಯ ಕಟ್ಟಡದಲ್ಲಿ ಆಗ ನಮ್ಮ ವಾಸ. ನನ್ನ ಗಂಡ ಹೋಟೆಲಿನಲ್ಲಿ ಅಡುಗೆಯವರು. ಮಾಮ ಗಂಗೊಳ್ಳಿಯವರು. ಮರದ ಹಡಗುಗಳನ್ನು ರಿಪೇರಿ ಮಾಡುವ ಯಾರ್ಡಿನಲ್ಲಿ ಇಪ್ಪತ್ತು ವರ್ಷ ಬಡಗಿಯಾಗಿ ದುಡಿದು, ವಯಸ್ಸಾಯಿತೆಂದು ಆಗಷ್ಟೇ ಕೆಲಸ ಬಿಟ್ಟಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ ಬಟ್ಟೆ ಒಣಗಿಸಲು ತಾರಸಿಗೆ ಹೋದೆ. ನೆಲದ ಮೇಲೆ ಉದ್ದಕ್ಕೆ ದೋಣಿಯ ಆಕಾರದಲ್ಲಿ ಬಿಳಿ ಗೆರೆ ಎಳೆದಿತ್ತು. ಅದರೊಳಗೆ ಮಾಮ ಮಾಮಿ ಎದುರುಬದುರು ಕುಳಿತು ಚಾ ಕುಡಿಯುತ್ತಿದ್ದರು.

"ಹೋಯ್, ನೀರೊಳ್ಗೆ ನಿಂತಿದ್ರಿ ಕಾಣಿ! ಬಾಗ್ಲ್ ಇಲ್ಲಿತ್ತ್, ಇಲ್ಲಿಂದ ಹತ್ತಿ" ಎಂದರು ಮಾಮ.

"ಇವ್ರಿಗೆ ಹುಚ್ಚ್ ಮರ್ಲ್" ಎಂದರು ಮಾಮಿ. "ಹತ್ತಿ ಹತ್ತಿ, ಚಾ ಇತ್ತ್."

ಯಾರ್ಡಿಗೆ ಬರುತ್ತಿದ್ದ ಇಂಗ್ಲೆಂಡಿನ ಇಂಜಿನಿಯರ್ ಒಬ್ಬರು ಮಾಮನಿಗೆ ಒಂದು ಫೋಟೋ ಕೊಟ್ಟಿದ್ದರಂತೆ. ಆ ದೇಶದಲ್ಲಿ ಕೆಲಸದಿಂದ ನಿವೃತ್ತರಾದ ಗಂಡ ಹೆಂಡತಿ ಉದ್ದನೆಯ ಸಪೂರ ದೋಣಿಯಲ್ಲೇ ಮನೆ ಮಾಡಿಕೊಂಡು ಕಾಲುವೆಗಳಲ್ಲಿ ಊರೂರು ಸುತ್ತುತ್ತಾರಂತೆ. ಅಂಥದೊಂದನ್ನು ತಾವೇ ಕಟ್ಟಿ, ಗಂಗೊಳ್ಳಿಯಿಂದ ಹೊಳೆಯಲ್ಲಿ ಮೇಲಕ್ಕೆ ಮಗಳು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಬೇಕು ಎಂಬುದು ಮಾಮನ ಆಸೆ. ಅಗಲ ಆರೇ ಅಡಿ. ಇಲ್ಲವಾದರೆ ಹೊಳೆಯ ಕವಲುಗಳಲ್ಲಿ ನುಗ್ಗುವುದಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಬದುಕುವುದನ್ನು ಅವರಿಬ್ಬರೂ ತಾರಸಿಯಲ್ಲಿ ಅಭ್ಯಾಸ ಮಾಡುತ್ತಿದ್ದರು.

ಆದರೆ ಹೊರಡುವಂತಿರಲಿಲ್ಲ. ಯಾರ್ಡಿನ ಯಜಮಾನ, ಅಲ್ಲಿಯ ಮಾತಿನಲ್ಲಿ ಅರಬಾಬ್, ತೀರಿಕೊಂಡಿದ್ದರು. ಮಕ್ಕಳಿಬ್ಬರಿಗೆ ಜಗಳ. ಆಫೀಸಿಗೆ ಬೀಗ. ಕೆಲಸಕ್ಕೆ ಸೇರುವಾಗ ಕೊಟ್ಟಿದ್ದ ಮಾಮನ ಪಾಸ್‌ಪೋರ್ಟ್ ಒಳಗಿನ ಕಪಾಟಿನಲ್ಲಿ. ಪ್ರತಿ ಶನಿವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಾಮ ಯಜಮಾನರ ಹಿರಿಯ ಮಗನ ಅಂಗಡಿಗೆ ಹೋಗುತ್ತಿದ್ದರು. "ಬುಕ್ರಾ" ಎನ್ನುತ್ತಿದ್ದರಂತೆ ಅಲ್ಲಿ, ನಾಳೆ ಎಂದು. ಮಾಮಿಯ ಪಾಸ್‌ಪೋರ್ಟ್ ಮಾತ್ರ ಮನೆಯಲ್ಲೇ ಇತ್ತು. ನೀವಾದರೂ ಹೋಗಿ ಎಂದು ನಾನೊಮ್ಮೆ ಹೇಳಿದೆ.

"ಒಬ್ಳೇ ಹೋಯಿ ಎಂತ ಮಾಡುದ್? ಚುಕ್ಕಾಣಿ ಹಿಡುಕೆ ನಂಗ್ ಬತ್ತಾ?"

ವಾರವಿಡೀ ಬೀಸಿದ ಧೂಳಿಗೆ ಗೆರೆ ಅಳಿಸಿಹೋಗುತ್ತಿತ್ತು. ಶುಕ್ರವಾರ ಮಾಮ ಮತ್ತೆ ಮೊಣಕಾಲೂರಿ ಎಳೆಯುತ್ತಿದ್ದರು. ಅಡುಗೆ ಕಟ್ಟೆ, ಮೊಮ್ಮಕ್ಕಳ ಹಾಸಿಗೆ ಎಲ್ಲ ಗೆರೆಯಲ್ಲೇ, ಚುಕ್ಕಾಣಿಯ ಹತ್ತಿರ ಮಾತ್ರ ತಮ್ಮದೊಂದು ನಿಜವಾದ ಕುರ್ಚಿ. ನಾವೂ ಹತ್ತುತ್ತಿದ್ದೆವು. "ಕನ್ನಡಕುದ್ರು ಬಂತ್, ಇಳಿವವ್ರ್ ಇಳಿನಿ" ಎಂದು ಮಾಮ ತಮ್ಮೂರ ಹೊಳೆಯ ನಡುಗಡ್ಡೆಯ ಹೆಸರು ಹಿಡಿದು ಕೂಗಿದರೆ ನನ್ನ ಗಂಡ ನಗುತ್ತಾ ಇಳಿದು ಸಿಗರೇಟು ಸೇದಿ ಬರುತ್ತಿದ್ದರು. ಇಳಿಯುವುದು ಬಾಗಿಲಿನಿಂದಲೇ. ತಾರಸಿಯಿಂದ ಕೆಳಗೆ ಇಳಿದರೆ ಅದೇ ಎರಡು ಕೋಣೆ, ಅದೇ ಬಿಸಿಗಾಳಿ. ಅಲ್ಲಿ ಮಾಮ ಗೋಡೆ ನೋಡುತ್ತಾ ಮಲಗಿರುತ್ತಾರೆ ಎಂದು ಮಾಮಿ ನನ್ನ ಹತ್ತಿರ ಮಾತ್ರ ಹೇಳಿದ್ದರು.

ಹೀಗೆ ಕಾಯುತ್ತಾ ಎಂಟನೆಯ ತಿಂಗಳಾದಾಗ ಕಟ್ಟಡದವರು ತಾರಸಿಯಲ್ಲಿ ದೊಡ್ಡದೊಂದು ನೀರಿನ ಟ್ಯಾಂಕ್ ಕೂರಿಸಿದರು. ಅದು ಸರಿಯಾಗಿ ದೋಣಿಯ ಮೂತಿಯ ಮೇಲೆಯೇ ಬಂತು.

"ಬಂಡೆಗೆ ತಾಗ್ತ್ ಮಾರಾಯ್ರೆ" ಎಂದು ಮಾಮ ನಕ್ಕರು. ಮೊಂಡು ಬೆರಳಿನಿಂದ ಅಳೆದು ಅಳೆದು ದೋಣಿಯನ್ನು ಹತ್ತಡಿ ಗಿಡ್ಡ ಮಾಡಿದರು. ಅಡುಗೆ ಕಟ್ಟೆ ಹಿಡಿಸಿತು. ಒಂದು ಹಾಸಿಗೆ ಹಿಡಿಸಿತು.

"ಮೊಮ್ಮಕ್ಳ್ ಎಲ್ ಮಲ್ಕಂಬುದ್?" ಎಂದು ಮಾಮಿ ಕೇಳಿದರು.

"ನಿನ್ ಹತ್ರ ಮಲ್ಕಣ್ಲಿ. ನಾನ್ ಕುರ್ಚಿ ಮೇಲೇ ಕೂಕಂತೆ."

ಎರಡು ವಾರದ ಮೇಲೆ ಮಾಮ ಆ ಕುರ್ಚಿಯಲ್ಲೇ ಕುಳಿತಿದ್ದರು. ಮಾಮಿ ಚಾ ಲೋಟ ಕೊಟ್ಟಾಗ ಕೈ ಚಾಚಲಿಲ್ಲ. ನನ್ನ ಗಂಡ ಹೊತ್ತುಕೊಂಡು ಕೆಳಗಿಳಿಸಿ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ದರು. ಅಷ್ಟರಲ್ಲಿ ಮುಗಿದಿತ್ತು.

ದೇಹ ಊರಿಗೆ ಕಳಿಸಲು ಪಾಸ್‌ಪೋರ್ಟ್ ಬೇಕು ಎಂದರು. ನನ್ನ ಗಂಡ ಅಂಗಡಿಗೆ ಹೋದರು. ಅಣ್ಣ ತಮ್ಮ ಇಬ್ಬರೂ ಓಡಿಬಂದು ಬೀಗ ತೆಗೆದರಂತೆ. ತಮ್ಮ ಅತ್ತನಂತೆ. ಸಂಜೆಯೊಳಗೆ ಪಾಸ್‌ಪೋರ್ಟ್ ನಮ್ಮ ಮೇಜಿನ ಮೇಲಿತ್ತು. ಮರುದಿನ ರಾಯಭಾರ ಕಚೇರಿಯಲ್ಲಿ ಅದಕ್ಕೆ ರದ್ದಾಯಿತೆಂದು ಮುದ್ರೆ ಬಿತ್ತು.

ಹೊರಡುವ ಮುಂಚೆ ಮಾಮಿ ತಾರಸಿಗೆ ಹೋದರು. ಗೆರೆ ಅರ್ಧ ಮಾಸಿತ್ತು. ಒಳಗೆ ಸ್ವಲ್ಪ ಹೊತ್ತು ನಿಂತರು. ಬಾಗಿಲಿನ ಜಾಗಕ್ಕೆ ಬಂದು, ಆಚೆ ಕಾಲಿಡುವಾಗ, ಒದ್ದೆಯಾಗದಂತೆ ಸೀರೆಯ ನೆರಿಗೆ ಎತ್ತಿಕೊಂಡರು. ಅದನ್ನು ನೋಡಿ ನನ್ನ ಗಂಡ ಮುಖ ತಿರುಗಿಸಿದರು.

ಆ ವಾರವೇ ಅವರು ತಮ್ಮ ಹೋಟೆಲಿನ ಅರಬಾಬನ ಮುಂದೆ ಹೋಗಿ, ಊರಿಗೆ ಹೋಗುತ್ತೇನೆ, ಪಾಸ್‌ಪೋರ್ಟ್ ಕೊಡಿ ಎಂದು ನಿಂತರು. "ಇನ್ನೂ ನಾಲ್ಕು ವರ್ಷ ದುಡಿಯಬಹುದಲ್ಲ, ಎಂತ ಅವಸರ?" ಎಂದು ಜೊತೆಯವರು ಬೈದರು. ಪಾಸ್‌ಪೋರ್ಟ್ ಕೈಗೆ ಬರಲು ಏಳು ತಿಂಗಳು ಹಿಡಿಯಿತು. ಆದರೆ ನನ್ನ ಗಂಡ ವಿಮಾನದ ಮೆಟ್ಟಿಲನ್ನು ತಮ್ಮ ಕಾಲಿನಿಂದಲೇ ಹತ್ತಿದರು.

ಎಷ್ಟೋ ವರ್ಷಗಳ ಮೇಲೆ, ಹೋದ ತಿಂಗಳು, ಅವರೂ ತೀರಿಕೊಂಡರು. ಊರಿನ ಮನೆಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ. ಹಾಸಿಗೆ ಹಿಡಿದ ಮೇಲೆ ಒಮ್ಮೆ ಕಿಟಕಿ ನೋಡುತ್ತಾ, "ಮಾಮನಿಗೆ ಇಷ್ಟು ಸಿಗಲಿಲ್ಲ ಮಾರಾಯ್ತಿ" ಎಂದರು. ನಾನು ಅವರ ಕಾಲು ಒತ್ತುತ್ತಿದ್ದೆ, ಹೌದು ಎಂದೆ.