ನೀರಿನಲ್ಲಿ ಕರಗದ ಮಾತ್ರೆ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಫಾರ್ಮಸಿ ಓದಿ ಚಳ್ಳಕೆರೆಗೆ ಮರಳಿದ ಮೇಲೆ, ಅಪ್ಪ ನಮ್ಮ ಎಣ್ಣೆಮಿಲ್ಲಿನ ಹಿಂದಿನ ಶೆಡ್ಡಿಗೆ ಟೈಲ್ಸ್ ಹಾಕಿಸಿ ಮಾತ್ರೆ ಒತ್ತುವ ಯಂತ್ರ ತಂದಿಟ್ಟಾಗಿನಿಂದಂತೂ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮೊದಲ ಸಲ ಒತ್ತಿದ ಮಾತ್ರೆಗಳ ಮೇಲ್ಪದರವೇ ಕಳಚಿ ಬಂತು. ಮುಂದಿನ ಸಲ ಪುಡಿ ಅಚ್ಚಿಗೇ ಅಂಟಿಕೊಂಡಿತು.

"ಈ ಸಲಾನೂ ಕೆಟ್ರೆ ಮಿಷಿನ್ ಮಾರಿಬಿಡ್ತೀನಿ. ಶೆಡ್ಡಿಗೆ ಶೇಂಗಾ ಚೀಲ ಹಾಕ್ತೀನಿ," ಎಂದ ಅಪ್ಪ. ಶೆಡ್ಡು ಹೋದರೆ ಈ ಊರಲ್ಲಿ ನನಗೆ ಉಳಿಯುವುದು ಅಡುಗೆಮನೆ. ನಿಜವಾಗಿ ಹೆದರಿದ್ದೆ.

ಪುಡಿಯನ್ನು ನೀರಲ್ಲಿ ಕಲಸಿ ಒಣಗಿಸುವ ಗೋಜಿಲ್ಲದೆ ನೇರವಾಗಿ ಒತ್ತುವ ವಿಧಾನ ನಮ್ಮದು. ಎಲ್ಲ ಬೆರೆತ ಮೇಲೆ, ಅಚ್ಚಿಗೆ ಅಂಟದಿರಲೆಂದು ಜಿಡ್ಡಿನಂಥ ಬಿಳಿ ಪುಡಿಯೊಂದನ್ನು ಚೂರು ಹಾಕಿ ಡ್ರಮ್ಮನ್ನು ಸ್ವಲ್ಪವೇ ತಿರುಗಿಸಬೇಕು. ಅದನ್ನು ಹಾಕಿದ್ದೆ, ಅಷ್ಟರಲ್ಲಿ ಮಾತ್ರೆ ತುಂಬುವ ಡಬ್ಬಿಗಳನ್ನು ತಂದ ಲಾರಿಯವನು ಗೇಟಿನಲ್ಲಿ ಹಾರ್ನ್ ಬಾರಿಸತೊಡಗಿದ. "ಸ್ವಲ್ಪ ತಿರುಗ್ಸಿ ನಿಲ್ಸಪ್ಪ," ಎಂದು ಅಪ್ಪನಿಗೆ ಹೇಳಿ ಓಡಿದೆ. ಅರ್ಧದಷ್ಟು ಡಬ್ಬಿಗಳು ಜಜ್ಜಿಹೋಗಿದ್ದವು. ಅವನ ಜೊತೆ ಜಗಳವಾಡಿ ಬರುವಷ್ಟರಲ್ಲಿ ಡ್ರಮ್ಮು ನಿಂತಿತ್ತು.

ಮಾತ್ರೆಗಳು ಬಂದವು ನೋಡಿ, ಒಂದೂ ಬಿರಿಯಲಿಲ್ಲ, ಒಂದೂ ಅಂಟಲಿಲ್ಲ, ಮೇಲೆ ಹೊಳಪು ಬೇರೆ. ಅಪ್ಪ ಅಂಗೈಮೇಲೆ ಹಾಕಿಕೊಂಡು ಅವ್ವನಿಗೆ ತೋರಿಸಿ ಬಂದ. ನಾನು ಒಂದನ್ನು ಬೆಚ್ಚಗಿನ ನೀರಿನ ಲೋಟಕ್ಕೆ ಹಾಕಿದೆ. ಗೇಟಿನವರೆಗೆ ಹೋದೆ, ಬಂದೆ, ಮತ್ತೆ ಹೋದೆ. ಬೇಗ ಒಡೆದು ಪುಡಿಯಾಗಬೇಕಿದ್ದ ಮಾತ್ರೆ ತಳದಲ್ಲಿ ಹಾಗೇ ಕೂತಿತ್ತು.

"ಎಷ್ಟೊತ್ತು ತಿರುಗ್ಸಿದೆ ಅಪ್ಪ?"

"ನೀನು ಬರೋತನಕ. ತಿರುಗ್ಸಿದಷ್ಟೂ ಚಲೋ ಅಲ್ವೇನವ್ವ?"

ಗಾಣದಿಂದ ಬಂದ ಹಿಂಡಿಯನ್ನೂ ಮತ್ತೊಮ್ಮೆ ಗಾಣಕ್ಕೆ ಹಾಕಿ ಎಣ್ಣೆ ತೆಗೆಯುವ ಮನುಷ್ಯನಿಗೆ ಅತಿಯಾಯಿತೆಂದು ಹೇಗೆ ಹೇಳುವುದು? ಸಿಟ್ಟು ನೆತ್ತಿಗೇರಿತ್ತು. ಆ ಜಿಡ್ಡು ಪುಡಿ ಹೆಚ್ಚು ಬೆರೆತರೆ ಔಷಧದ ಕಣಗಳನ್ನೆಲ್ಲ ಮುಚ್ಚಿಬಿಡುತ್ತದೆ, ನೀರು ಒಳಗೆ ಹೋಗುವುದಿಲ್ಲ ಎಂದು ಹಲ್ಲುಕಚ್ಚಿ ವಿವರಿಸಿದೆ.

ಅಪ್ಪ ಲೋಟವನ್ನು ಬೆಳಕಿಗೆ ಹಿಡಿದ. "ಜ್ವರ ಬಂದೋರು ನುಂಗಿದ್ರೂ ಹಿಂಗೇ ಕೂತಿರ್ತೈತಾ?"

"ಹೆಚ್ಚುಕಮ್ಮಿ ಹಿಂಗೇ."

ಅವನು ಆ ಮಾತ್ರೆಗಳನ್ನೆಲ್ಲ ತಾನೇ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮೂಲೆಗೆ ತಳ್ಳಿದ. ಮುಗಿಯಿತೆಂದುಕೊಂಡು ಯಂತ್ರಕ್ಕೆ ಬಟ್ಟೆ ಹೊದಿಸಲು ಹೋದೆ.

"ಅದನ್ಯಾಕೆ ಮುಚ್ತೀಯ?" ಎಂದ ಅಪ್ಪ. "ನಾಳೆ ಹೊಸಾ ಪುಡಿ ಹಾಕು. ನೀನು ನಿಲ್ಸು ಅಂದಾಗ ನಿಲ್ಸ್ತೀನಿ."

ಆ ಶೆಡ್ಡಿನಲ್ಲಿ ನಾನು ಮೊದಲ ಸಲ ಸ್ಟೂಲಿನ ಮೇಲೆ ಕೂತೆ.